ಜೇಬಿನ ಮೊಬೈಲು, ಊರಿನ ಟವರ್: ವೀರ್ಯಾಣು ಭಯದ ಹಿಂದಿನ ಕಥೆ

ಸಂಜೆ ಹೊತ್ತು ಧಾರವಾಡದ ಸಪ್ತಾಪುರದಲ್ಲಿ ನಿಂತು ನೋಡಿ. ಕೋಚಿಂಗ್ ಮುಗಿಸಿ ಬರುವ ಹುಡುಗರ ಪ್ಯಾಂಟಿನ ಮುಂದಿನ ಜೇಬಿನಲ್ಲಿ ಮೊಬೈಲು ಉಬ್ಬಿಕೊಂಡಿರುತ್ತದೆ. ರೂಮಿಗೆ ಹೋದರೆ ಲ್ಯಾಪ್‌ಟಾಪ್ ಸೀದಾ ತೊಡೆ ಮೇಲೆ. ಆದರೆ ಓಣಿಯಲ್ಲಿ ಯಾರಿಗಾದರೂ ಮಕ್ಕಳಾಗಲಿಲ್ಲ ಅಂದರೆ, "ಆ ಟವರ್ ಬಂದ ಮ್ಯಾಲ ಹಿಂಗಾತು ನೋಡ್ರಿ" ಅನ್ನುತ್ತಾರೆ.

ಅಲೆಗಳಿಂದ ವೀರ್ಯಾಣು ಕುಗ್ಗುತ್ತದೆ ಎಂಬ ಈ ಭಯ ಮೊಬೈಲಿಗಿಂತ ಹಳೆಯದು. ಮೈಕ್ರೋವೇವ್ ಅಲೆಗಳ ನಡುವೆ ವರ್ಷಗಟ್ಟಲೆ ದುಡಿದ 31 ಗಂಡಸರನ್ನು ರುಮೇನಿಯಾದಲ್ಲಿ ಪರೀಕ್ಷಿಸಿದ್ದರು. ವೀರ್ಯಾಣು ಉತ್ಪತ್ತಿ ಕುಗ್ಗಿದೆ ಎಂಬ ಆ ವರದಿ 1975ರಲ್ಲಿ ಬಂತು. ಮೊಬೈಲ್ ಬಂದ ಮೇಲೆ ಪ್ರಶ್ನೆ ಮನೆಮನೆಗೂ ಬಂತು. 2008ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು 361 ಗಂಡಸರನ್ನು ನೋಡಿ, ಫೋನ್ ಬಳಕೆ ಜಾಸ್ತಿ ಇದ್ದಷ್ಟೂ ವೀರ್ಯಾಣು ಸಂಖ್ಯೆ, ಚಲನೆ ಕಡಿಮೆ ಎಂದರು. ಆದರೆ ಅವರೆಲ್ಲ ಮೊದಲೇ ಮಕ್ಕಳಿಲ್ಲದ ಚಿಂತೆಯಲ್ಲಿ ತಪಾಸಣೆಗೆ ಬಂದವರು. ದಿನವಿಡೀ ಫೋನ್ ಹಿಡಿಯುವವರ ನಿದ್ದೆ, ಸಿಗರೇಟು, ಕೂತು ಮಾಡುವ ಕೆಲಸ ಇವೂ ಕಾರಣ ಇರಬಹುದು ಅಲ್ವಾ?

ವೀರ್ಯಾಣು ತಯಾರಾಗುವ ವೃಷಣಗಳಿಗೆ ಮೈಗಿಂತ 2ರಿಂದ 4 ಡಿಗ್ರಿ ತಂಪು ಬೇಕು. ಅದಕ್ಕೇ ಅವು ದೇಹದ ಹೊರಗೆ ಇರುವುದು. ತೊಡೆ ಕೂಡಿಸಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತರೆ ಒಂದೇ ತಾಸಿನಲ್ಲಿ ಅಲ್ಲಿನ ಬಿಸಿ 2.5 ಡಿಗ್ರಿಗೂ ಹೆಚ್ಚು ಏರುತ್ತದೆ ಎಂದು ನ್ಯೂಯಾರ್ಕಿನ ವೈದ್ಯರು 29 ಜನರಲ್ಲಿ ಅಳೆದು ತೋರಿಸಿದ್ದರು. ಇದು ಅಲೆಯ ಮಾತಲ್ಲ, ಬರೀ ಕಾವಿನ ಮಾತು. ನನಗೆ ಟವರ್‌ಗಿಂತ ಇದರದ್ದೇ ಚಿಂತೆ.

2023ರಲ್ಲಿ ಸ್ವಿಟ್ಜರ್ಲೆಂಡ್‌ನಿಂದ ದೊಡ್ಡ ಅಧ್ಯಯನ ಬಂತು. 18ರಿಂದ 22 ವಯಸ್ಸಿನ 2,886 ಹುಡುಗರು. ದಿನಕ್ಕೆ 20 ಸಲಕ್ಕಿಂತ ಜಾಸ್ತಿ ಫೋನ್ ಬಳಸುವವರಲ್ಲಿ ಒಂದು ಮಿಲಿಲೀಟರ್‌ಗೆ 44.5 ಮಿಲಿಯನ್ ವೀರ್ಯಾಣು. ವಾರಕ್ಕೊಮ್ಮೆಗಿಂತ ಜಾಸ್ತಿ ಬಳಸದವರಲ್ಲಿ 56.5 ಮಿಲಿಯನ್. ಆದರೆ ಈ ವ್ಯತ್ಯಾಸ 2005–07ರಲ್ಲಿ ಎದ್ದು ಕಂಡು, ವರ್ಷ ಕಳೆದಂತೆ ಮಸುಕಾಯಿತು. 2ಜಿ ಫೋನುಗಳು ಜೋರಾಗಿ ಅಲೆ ಬಿಡುತ್ತಿದ್ದವು, 4ಜಿ ಕಡಿಮೆ ಬಿಡುತ್ತದೆ, ಅದೇ ಕಾರಣ ಇರಬಹುದು ಎಂಬ ಊಹೆ ಅವರದು. ಫೋನ್ ಪ್ಯಾಂಟಿನ ಜೇಬಿನಲ್ಲಿ ಇಡುವುದಕ್ಕೂ ಇದಕ್ಕೂ ಸಂಬಂಧ ಸಿಗಲಿಲ್ಲ.

ಇನ್ನು ಟವರ್. 2012ರ ಸೆಪ್ಟೆಂಬರ್ 1ರಿಂದ ನಮ್ಮಲ್ಲಿ ಟವರ್ ಅಲೆಗಳ ಮಿತಿ ಅಂತಾರಾಷ್ಟ್ರೀಯ ಮಿತಿಯ ಹತ್ತನೇ ಒಂದು ಪಾಲು. ದೂರ ಹೋದಷ್ಟೂ ಅಲೆ ಬೇಗ ಸೊರಗುತ್ತದೆ. ಹಾವೇರಿ ಕಡೆಯ ಯಾವುದೋ ಹಳ್ಳಿಯಲ್ಲಿ ಸಿಗ್ನಲ್ ಒಂದೇ ಕಡ್ಡಿ ಇದ್ದಾಗ, ಟವರ್ ಹುಡುಕಲು ಜೋರಾಗಿ ಅಲೆ ಬಿಡುವುದು ಕೈಯಲ್ಲಿರುವ ಫೋನೇ.

ಇಷ್ಟೆಲ್ಲದರ ನಡುವೆ ನನ್ನ ಹೊಟ್ಟೆ ಉರಿಯುವುದು ಬೇರೆ ವಿಷಯಕ್ಕೆ. ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ. ಆದರೂ ವರ್ಷಗಟ್ಟಲೆ ಸ್ಕ್ಯಾನಿಂಗ್, ಇಂಜೆಕ್ಷನ್, ಹರಕೆ ಎಲ್ಲ ಸೊಸೆಗೆ. ಗಂಡನಿಗೆ ಆಗಬೇಕಾದದ್ದು 2ರಿಂದ 7 ದಿನ ವೀರ್ಯ ಹೊರಬಿಡದೆ ಇದ್ದು ಒಂದು ಸಣ್ಣ ಡಬ್ಬಿಯಲ್ಲಿ ಕೊಡುವ ವೀರ್ಯ ಪರೀಕ್ಷೆ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು. ಅದಕ್ಕೇ ಮೊದಲ ರಿಪೋರ್ಟ್ ಸರಿ ಬರದಿದ್ದರೆ ಮೂರು ತಿಂಗಳ ಮೇಲೆ ಇನ್ನೊಮ್ಮೆ ನೋಡುತ್ತಾರೆ.