ಆರೋಪಿ: ಮೂರನೇ ರಿಚರ್ಡ್

ಲಂಡನ್ ವೀಕೆಂಡ್ ಟೆಲಿವಿಷನ್ 1984ರಲ್ಲಿ ಕೊಲೆ ಮೊಕದ್ದಮೆಯೊಂದನ್ನು ನಡೆಸಿತು. ಅಣ್ಣನ ಇಬ್ಬರು ಮಕ್ಕಳನ್ನು ಕೊಲ್ಲಿಸಿದ ಆರೋಪ ಹೊತ್ತ ಇಂಗ್ಲೆಂಡಿನ ದೊರೆ ಮೂರನೇ ರಿಚರ್ಡ್ ಸತ್ತು ಐನೂರು ವರ್ಷವಾಗುತ್ತ ಬಂದಿತ್ತು. ಆದರೆ ಪೀಠದಲ್ಲಿ ಕುಳಿತವರು ನಟರಲ್ಲ. ಬ್ರಿಟನ್ನಿನ ಮಾಜಿ ಲಾರ್ಡ್ ಚಾನ್ಸಲರ್, ನಾಜಿ ನಾಯಕರ ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಬ್ರಿಟನ್ ಪರ ವಕೀಲರಲ್ಲಿ ಒಬ್ಬರಾಗಿದ್ದ ಎಲ್ವಿನ್-ಜೋನ್ಸ್. ಕಟಕಟೆ ಹತ್ತಿ ಪಾಟೀಸವಾಲಿಗೆ ಉತ್ತರಿಸಿದವರಲ್ಲಿ ಇತಿಹಾಸಕಾರರಿದ್ದರು.

ಪ್ರಕರಣ ಹುಟ್ಟಿದ್ದು 1483ರಲ್ಲಿ. ಏಪ್ರಿಲ್‌ನಲ್ಲಿ ದೊರೆ ನಾಲ್ಕನೇ ಎಡ್ವರ್ಡ್ ತೀರಿಕೊಂಡಾಗ ಪಟ್ಟಕ್ಕೆ ಬರಬೇಕಿದ್ದ ಮಗ ಐದನೇ ಎಡ್ವರ್ಡನಿಗೆ 12 ವರ್ಷ, ಅವನ ತಮ್ಮನಿಗೆ 9. ಕಾಯಬೇಕಿದ್ದ ಚಿಕ್ಕಪ್ಪ ರಿಚರ್ಡ್ ಇಬ್ಬರನ್ನೂ ಲಂಡನ್ ಟವರ್‌ನಲ್ಲಿರಿಸಿದ. ಅಣ್ಣನ ಮದುವೆಯೇ ಸಿಂಧುವಲ್ಲ, ಮಕ್ಕಳಿಗೆ ಹಕ್ಕಿಲ್ಲ ಎಂಬ ವಾದ ಎದ್ದಿತು. ಜುಲೈ 6ರಂದು ಕಿರೀಟ ರಿಚರ್ಡನ ತಲೆಯ ಮೇಲಿತ್ತು. ಆಮೇಲೆ ಹುಡುಗರನ್ನು ಕಂಡವರಿಲ್ಲ.

1485ರಲ್ಲಿ ಬಾಸ್‌ವರ್ತ್ ಯುದ್ಧದಲ್ಲಿ ರಿಚರ್ಡ್ ಸತ್ತ, ಎದುರಾಳಿ ಟ್ಯೂಡರ್ ವಂಶದವರು ಗೆದ್ದು ಪಟ್ಟಕ್ಕೆ ಬಂದರು. ಅವನನ್ನು ರಾಕ್ಷಸನನ್ನಾಗಿಸಿದ ಕಥೆ ಅವರ ಕಾಲದಲ್ಲೇ ಬೆಳೆಯಿತು. ಷೇಕ್ಸ್‌ಪಿಯರ್ ಅದಕ್ಕೆ ರಂಗದ ಬಲ ಕೊಟ್ಟ. ಕೊಲೆಯನ್ನು ವಿವರವಾಗಿ ಬರೆದ ಥಾಮಸ್ ಮೋರ್ 1483ರಲ್ಲಿ ಐದಾರು ವರ್ಷದ ಮಗು, ಬೆಳೆದದ್ದು ರಿಚರ್ಡನ ವೈರಿ ಜಾನ್ ಮಾರ್ಟನ್ ಮನೆಯಲ್ಲಿ. ಆಗ ಲಂಡನ್ನಿನಲ್ಲೇ ಇದ್ದ ಇಟಲಿಯ ಡೊಮಿನಿಕ್ ಮಾನ್ಸಿನಿ ಹೆಚ್ಚು ನಂಬಿಕೆಗೆ ಅರ್ಹ. ಜನ ಕಣ್ಣೀರಿಟ್ಟು ಅನುಮಾನಿಸುತ್ತಿದ್ದರು ಎನ್ನುವ ಅವನು, ಹಿರಿಯ ಹುಡುಗ ಸತ್ತನೇ, ಸತ್ತರೆ ಹೇಗೆ ಎಂಬುದು ತನಗೆ ತಿಳಿದಿಲ್ಲ ಎಂದೇ ಬರೆದಿದ್ದಾನೆ. ಆ ಹಸ್ತಪ್ರತಿ 1934ರವರೆಗೆ ಫ್ರಾನ್ಸಿನ ಲೀಲ್ ನಗರದಲ್ಲಿ ಯಾರ ಕಣ್ಣಿಗೂ ಬೀಳದೆ ಇತ್ತು.

ಅಷ್ಟರಲ್ಲಿ ರಿಚರ್ಡನಿಗೆ ವಕೀಲಿ ಮಾಡುವವರೂ ಹುಟ್ಟಿಕೊಂಡಿದ್ದರು. 1768ರಲ್ಲಿ ಹೊರೇಸ್ ವಾಲ್‌ಪೋಲ್ ಅವನ ಪರ ಪುಸ್ತಕವನ್ನೇ ಬರೆದ. 1924ರಲ್ಲಿ ಅಭಿಮಾನಿಗಳ ಸಂಘ ಕಟ್ಟಲಾಯಿತು, ಈಗಿನ ರಿಚರ್ಡ್ III ಸೊಸೈಟಿ.

ಟಿವಿ ಜ್ಯೂರಿ ಕೊಟ್ಟ ತೀರ್ಪು: ನಿರ್ದೋಷಿ. ಇದರಲ್ಲಿ ಅಚ್ಚರಿಯೇನಿಲ್ಲ. ಶವವಿಲ್ಲ, ಕಣ್ಣಾರೆ ಕಂಡವರಿಲ್ಲ. ಸಂಶಯಾತೀತ ಪುರಾವೆ ಬೇಕೆಂದರೆ ಯಾವ ಜ್ಯೂರಿಯೂ ಹಾಗೇ ಹೇಳೀತು. ಆದರೆ ಇತಿಹಾಸ ಕೇಳುವ ಪ್ರಶ್ನೆ ಬೇರೆ: ಯಾರಿಗೆ ಲಾಭ, ಮಕ್ಕಳು ಯಾರ ವಶದಲ್ಲಿದ್ದರು? ಎರಡಕ್ಕೂ ಉತ್ತರ ರಿಚರ್ಡನೇ. ಬದುಕಿದ್ದರೆ ಹುಡುಗರನ್ನು ಹೊರಗೆ ತಂದು ತೋರಿಸಿ ಅವನು ಗಾಳಿಮಾತಿನ ಬಾಯಿ ಮುಚ್ಚಿಸಬಹುದಿತ್ತು. ಅಂದಹಾಗೆ, ಈ ಕೋರ್ಟಿನ ಸೌಭಾಗ್ಯ ಅವನ ಕಾಲದವರಿಗಿರಲಿಲ್ಲ. 1483ರ ಜೂನ್ 13ರಂದು ಅವನು ಅಣ್ಣನ ಆಪ್ತ ಲಾರ್ಡ್ ಹೇಸ್ಟಿಂಗ್ಸ್‌ನ ತಲೆ ತೆಗೆಸಿದ್ದು ವಿಚಾರಣೆಯೇ ಇಲ್ಲದೆ.

2012ರಲ್ಲಿ ಲೆಸ್ಟರ್‌ನ ಕಾರ್ ಪಾರ್ಕಿಂಗ್ ಅಡಿಯಲ್ಲಿ ಸಿಕ್ಕ ಅಸ್ಥಿಪಂಜರ ಅವನ ಬೆನ್ನುಮೂಳೆ ಡೊಂಕಾಗಿತ್ತೆಂದು ತೋರಿಸಿತು. ಕೊಲೆಯ ಬಗ್ಗೆ ಅದು ಏನು ಹೇಳೀತು? 2023ರಲ್ಲಿ ಆ ಅಸ್ಥಿಪಂಜರದ ಹುಡುಕಾಟ ನಡೆಸಿದ್ದ ಫಿಲಿಪಾ ಲ್ಯಾಂಗ್ಲಿ, ಎಡ್ವರ್ಡ್ ದೊರೆಯ ಮಗನನ್ನು ಉಲ್ಲೇಖಿಸುವ ಲೀಲ್‌ನದೇ 1487ರ ರಸೀದಿಯೊಂದನ್ನು ಮುಂದಿಟ್ಟು ಹುಡುಗರು ಬದುಕಿದ್ದರು ಎಂದರು. ಮರುವರ್ಷ ಇತಿಹಾಸಕಾರ ಟಿಮ್ ಥಾರ್ನ್‌ಟನ್ 1516ರ ಉಯಿಲೊಂದನ್ನು ತೋರಿಸಿದರು. ಅದರಲ್ಲಿ ಐದನೇ ಎಡ್ವರ್ಡನ ಸರ ಇದೆ. ಬರೆಸಿದವಳು, ಕೊಲೆ ಮಾಡಿಸಿದನೆಂದು ಮೋರ್ ಹೆಸರಿಸಿದ ಜೇಮ್ಸ್ ಟಿರೆಲ್‌ನ ನಾದಿನಿ. ಟವರ್‌ನ ಮೆಟ್ಟಿಲಡಿ 1674ರಲ್ಲಿ ಸಿಕ್ಕ, ಆ ಹುಡುಗರವೇ ಇರಬಹುದೆನ್ನಲಾದ ಎಲುಬುಗಳು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿವೆ. ಡಿಎನ್‌ಎ ಪರೀಕ್ಷೆಗೆ ಈವರೆಗೆ ಅನುಮತಿ ಸಿಕ್ಕಿಲ್ಲ.