ಹುಲಿಗಳ ಎಣಿಕೆಯಲ್ಲಿ ಕಾಣದ ನಂಟು

ರಾಜಸ್ಥಾನದ ಸರಿಸ್ಕಾ ಹುಲಿ ಮೀಸಲು ಕಾಡಿನಲ್ಲಿ ಒಂದು ಹುಲಿಯೂ ಉಳಿದಿಲ್ಲವೆಂಬುದು 2005ರಲ್ಲಿ ಖಚಿತವಾಯಿತು. ಕಳ್ಳಬೇಟೆ ಎಲ್ಲವನ್ನೂ ಮುಗಿಸಿತ್ತು. 2008ರ ಜೂನ್‌ನಲ್ಲಿ ಅದೇ ರಾಜ್ಯದ ರಣಥಂಬೋರ್ ಕಾಡಿನ ಗಂಡುಹುಲಿಯೊಂದಕ್ಕೆ ಅರಿವಳಿಕೆ ಕೊಟ್ಟು, ಹೆಲಿಕಾಪ್ಟರಿನಲ್ಲಿ ತಂದು ಅಲ್ಲಿ ಬಿಡಲಾಯಿತು. ಅದರ ಬೆನ್ನಿಗೇ ಹೆಣ್ಣುಹುಲಿಗಳೂ ಬಂದವು. ಮೊದಲ ಮರಿಗಳಿಗಾಗಿ 2012ರವರೆಗೆ ಕಾಯಬೇಕಾಯಿತು. ಈಗ ಸಂಖ್ಯೆ 40ನ್ನು ದಾಟಿದೆಯೆಂದು ಸಂಭ್ರಮಿಸುವ ನಾವು ಕೇಳದೆ ಬಿಡುವ ಪ್ರಶ್ನೆಯೊಂದಿದೆ: ಈ ಹುಲಿಗಳು ಒಂದಕ್ಕೊಂದು ಏನಾಗಬೇಕು? ಮೊದಲು ಬಂದವು ಹತ್ತಿರದ ರಕ್ತಸಂಬಂಧಿಗಳೆಂದು ಡಿಎನ್‌ಎ ಪರೀಕ್ಷೆ ಹೇಳಿದ್ದು ಅವುಗಳನ್ನು ತಂದು ಬಿಟ್ಟ ಮೇಲೆ.

ನಂಟು ಏಕೆ ಮುಖ್ಯ? ಒಂದೊಂದು ಜೀನಿಗೂ, ಅಂದರೆ ವಂಶವಾಹಿಗೂ, ಎರಡು ಪ್ರತಿಗಳು, ತಾಯಿಯದೊಂದು, ತಂದೆಯದೊಂದು. ಒಂದರಲ್ಲಿ ದೋಷವಿದ್ದರೂ ಸಾಮಾನ್ಯವಾಗಿ ಇನ್ನೊಂದು ತೂಗಿಸಿಕೊಂಡು ಹೋಗುತ್ತದೆ. ನೊಗದ ಒಂದು ಎತ್ತು ಕುಂಟಿದರೂ ಇನ್ನೊಂದು ಗಾಡಿಯನ್ನು ಮನೆ ಮುಟ್ಟಿಸಿದ ಹಾಗೆ. ಒಂದೇ ತಂದೆಗೆ ಬೇರೆ ಬೇರೆ ತಾಯಂದಿರಲ್ಲಿ ಹುಟ್ಟಿದ ಹುಲಿಗಳು ಕೂಡಿದರೆ, ಮರಿಯ ಯಾವುದೇ ಜೀನಿನ ಎರಡೂ ಪ್ರತಿಗಳು ಆ ಅಜ್ಜನ ಒಂದೇ ಪ್ರತಿಯಿಂದ ಇಳಿದು ಬಂದಿರುವ ಸಂಭವ 8ರಲ್ಲಿ 1. ಒಡಹುಟ್ಟಿದವೇ ಕೂಡಿದರೆ 4ರಲ್ಲಿ 1. ಆಗ ನೊಗಕ್ಕೆ ಎರಡೂ ಕುಂಟೆತ್ತುಗಳೇ ಬೀಳಬಹುದು. ಇದರ ಜೊತೆಗೆ ಕಣಜದ ಲೆಕ್ಕವೂ ಇದೆ. ಹತ್ತು ತಳಿಯ ಭತ್ತ ಬೆರೆತ ಕಣಜದಿಂದ ಒಂದು ಚಿಟಿಕೆ ತೆಗೆದು ಬಿತ್ತಿದರೆ, ಕಾಲಕ್ರಮೇಣ ಗದ್ದೆಯೇನೋ ತುಂಬುತ್ತದೆ, ಆದರೆ ಚಿಟಿಕೆಗೆ ಸಿಗದ ತಳಿ ಎಷ್ಟು ಸಲ ಬಿತ್ತಿ ಬೆಳೆದರೂ ಮರಳುವುದಿಲ್ಲ. ಸರಿಸ್ಕಾದ ಚಿಟಿಕೆ ಬಂದದ್ದಾದರೂ ಆಗಲೇ ಬರಿದಾಗುತ್ತಿದ್ದ ಕಣಜದಿಂದ. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನ ವಿಜ್ಞಾನಿ ಉಮಾ ರಾಮಕೃಷ್ಣನ್ ಮತ್ತು ಸಂಗಡಿಗರ 2021ರ ಅಧ್ಯಯನದಲ್ಲಿ, ಬೇರೆ ಕಾಡುಗಳ ಸಂಪರ್ಕ ಕಡಿದುಹೋದ ರಣಥಂಬೋರಿನ ಹುಲಿಗಳ ಜೀನೋಮಿನಲ್ಲಿ, ಅಂದರೆ ಇಡೀ ಡಿಎನ್‌ಎಯಲ್ಲಿ, ನಂಟರೊಳಗೇ ಕೂಡಿದ್ದರ ಗುರುತುಗಳು ದಟ್ಟವಾಗಿ ಕಂಡವು.

ಒಡಿಶಾದ ಸಿಮಿಲಿಪಾಲದಲ್ಲಿ ಇಂಥ ಗುರುತು ಬರಿಗಣ್ಣಿಗೇ ಕಾಣುತ್ತದೆ. ಅಲ್ಲಿನ ‘ಕಪ್ಪುಹುಲಿ’ಯ ಚಿತ್ರವನ್ನು ಜನ ಪ್ರಕೃತಿಯ ಪವಾಡವೆಂದು ಹಂಚಿಕೊಳ್ಳುತ್ತಾರೆ. ಪಟ್ಟೆಗಳು ಹಿಗ್ಗಿ ಒಂದರೊಳಗೊಂದು ಬೆರೆತು, ಬೆನ್ನ ಮೇಲಿನ ಕಿತ್ತಳೆ ಬಣ್ಣ ಸಣ್ಣ ಸೀಳುಗಳಲ್ಲಷ್ಟೇ ಇಣುಕುವ ಆ ಚರ್ಮ, ಒಂದು ಜೀನಿನ ಎರಡೂ ಪ್ರತಿಗಳಲ್ಲಿ ಒಂದೇ ಬದಲಾವಣೆ ಇದ್ದಾಗ ಬರುವಂಥದು. ಬಣ್ಣದಿಂದ ಹುಲಿಗೆ ಕೇಡೆಂದು ನಾನು ಹೇಳುತ್ತಿಲ್ಲ. ಬೇರೆ ಕಾಡುಗಳಲ್ಲಿ ಅತ್ಯಪರೂಪವಾದ ಪ್ರತಿಗಳು ಇಲ್ಲಿ ಪದೇ ಪದೇ ಜೋಡಿಯಾಗುತ್ತಿರುವುದೇ ಆತಂಕದ ವಿಷಯ. ಆದ್ದರಿಂದಲೇ 2024ರ ಕೊನೆಯಲ್ಲಿ ಮಹಾರಾಷ್ಟ್ರದ ತಾಡೋಬಾದಿಂದ ಜಮುನಾ, ಜೀನತ್ ಎಂಬ ಎರಡು ಹೆಣ್ಣುಹುಲಿಗಳನ್ನು ಅಲ್ಲಿಗೆ ಒಯ್ಯಲಾಯಿತು.

ಸರಿಸ್ಕಾಕ್ಕೂ ರಣಥಂಬೋರಿನದಲ್ಲದ ಹುಲಿಗಳು ಬೇಕು, ಅವುಗಳ ಸಂಖ್ಯೆ ದೊಡ್ಡದಿರಬೇಕಾಗಿಲ್ಲ. ತಲೆಮಾರಿಗೊಂದು ಹೊರಗಿನ ಪ್ರಾಣಿ ಬಂದು ಮರಿ ಹಾಕಿದರೂ ವೈವಿಧ್ಯದ ಸೋರಿಕೆಯನ್ನು ಬಹುಮಟ್ಟಿಗೆ ತಡೆಯಬಹುದೆಂಬುದು ತಳಿವಿಜ್ಞಾನಿಗಳ ಹಳೆಯ ಲೆಕ್ಕ.