ರೇಷ್ಮೆ ಚಿಂದಿ, ಈರುಳ್ಳಿ ಚೀಲ, ಚಾಕಲೇಟ್ ಕಾಗದ: ಇವುಗಳಿಂದ ಕೌದಿ ಹೊಲಿಯಬಹುದೇ?

ಪ್ರಶ್ನೆ: ಗೋಡೆಗೆ ತೂಗುಹಾಕುವಂಥ ಪುಟ್ಟ ಕೌದಿ ಹೊಲಿಯುವ ಆಸೆ ನನಗೆ. ಮನೆಯಲ್ಲಿ ಹರಿದ ರೇಷ್ಮೆ ಸೀರೆ, ಜರಿ ಅಂಚು, ಈರುಳ್ಳಿಯ ಬಲೆ ಚೀಲ, ಹೊಳೆಯುವ ಪ್ಯಾಕೆಟ್‌ಗಳು ಇವೆ. ಕೌದಿಗೆ ಹತ್ತಿ ಬಟ್ಟೆಯೇ ಆಗಬೇಕು ಎನ್ನುತ್ತಾರಲ್ಲ, ನಿಜವೇ?

ಉತ್ತರ: ಹೊದೆಯುವ ಕೌದಿಗಾದರೆ ನಿಜ. ಅದು ಮೈಗೆ ತಾಗುತ್ತದೆ, ಕಲ್ಲಿನ ಮೇಲೆ ಒಗೆತ ತಿನ್ನುತ್ತದೆ. ಹಳೆಯ ಹತ್ತಿ ಸೀರೆ, ಧೋತರಗಳಷ್ಟು ಅದಕ್ಕೆ ಒಗ್ಗುವ ಬಟ್ಟೆ ಬೇರೊಂದಿಲ್ಲ. ಗೋಡೆಯ ಮೇಲಿನ ಎಂಟು ಇಂಚಿನ ಕೌದಿಗೆ ಈ ಯಾವ ಕಷ್ಟವೂ ಇಲ್ಲ. ಸೂಜಿ ದಾಟುವ ಏನನ್ನಾದರೂ ಅದಕ್ಕೆ ಹೊಲಿಯಬಹುದು. ಆದರೆ ಬಣ್ಣಕ್ಕೆ ಮರುಳಾಗಿ ಆರಿಸಬೇಡಿ. ಇಸ್ತ್ರಿಯ ಬಿಸಿ ತಾಗಿದರೆ ಏನಾಗುತ್ತದೆ, ಸೂಜಿ ಚುಚ್ಚಿದ ತೂತು ಮುಚ್ಚಿಕೊಳ್ಳುತ್ತದೆಯೇ ಎಂಬ ಎರಡನ್ನು ಮೊದಲು ನೋಡಿಕೊಳ್ಳಿ.

ಬಿಸಿಯ ಪರೀಕ್ಷೆ ಸುಲಭ. ಬಟ್ಟೆಯಿಂದ ನಾಲ್ಕೆಳೆ ಕಿತ್ತು, ಚಿಮಟದಲ್ಲಿ ಹಿಡಿದು, ಕೆಳಗೆ ನೀರಿನ ತಟ್ಟೆ ಇಟ್ಟುಕೊಂಡು ಸುಡಿ. ಹತ್ತಿ ಸುಟ್ಟರೆ ಕಾಗದದ ವಾಸನೆ, ಉಳಿಯುವುದು ಮೆತ್ತನೆಯ ಬೂದಿ. ರೇಷ್ಮೆಗೆ ಕೂದಲು ಸುಟ್ಟ ವಾಸನೆ. ತುದಿಯಲ್ಲಿ ಕಟ್ಟುವ ಕಪ್ಪು ಮಣಿ ಆರಿದ ಮೇಲೆ ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಉಂಡೆಯಾಗುತ್ತದೆ, ಹಿಸುಕಿದರೂ ಒಡೆಯುವುದಿಲ್ಲ. ರೇಷ್ಮೆಯೆಂದು ಮದುವೆಯಲ್ಲಿ ಉಡುಗೊರೆ ಬಂದ ಎಷ್ಟೋ ಸೀರೆಗಳ ಬಂಡವಾಳ ಇಲ್ಲಿ ಬಯಲಾಗುತ್ತದೆ. ಅದರಿಂದ ಬೇಸರ ಬೇಡ, ಗೋಡೆಯ ಕೌದಿಗೆ ಅದೂ ಸರಿಯೇ. ಜರಿಗೆ ಮಾತ್ರ ನೇರವಾಗಿ ಇಸ್ತ್ರಿ ಒತ್ತಬೇಡಿ. ಈಗಿನ ಅಗ್ಗದ ಜರಿಯಲ್ಲಿ ಹೆಚ್ಚಿನದು ಬಣ್ಣ ಕಟ್ಟಿದ ಪ್ಲಾಸ್ಟಿಕ್ ಎಳೆ, ಬಿಸಿಗೆ ಮುರುಟಿಕೊಳ್ಳುತ್ತದೆ. ಮೇಲೊಂದು ಹತ್ತಿ ಬಟ್ಟೆ ಹಾಸಿಕೊಳ್ಳಿ.

ಇನ್ನು ತೂತು. ಹತ್ತಿಯ ಎಳೆಗಳು ಸೂಜಿಗೆ ದಾರಿ ಬಿಟ್ಟು ಮತ್ತೆ ಸೇರಿಕೊಳ್ಳುತ್ತವೆ. ಪ್ಲಾಸ್ಟಿಕ್ ಹಾಳೆಯಲ್ಲಿ ಬಿದ್ದ ತೂತು ಬಿದ್ದದ್ದೇ. ಅಲ್ಲಿ ಒತ್ತೊತ್ತಾಗಿ ಹೊಲಿದರೆ ಅಂಚೆ ಚೀಟಿಯ ಅಂಚಿನಂತೆ ಹೊಲಿಗೆಯ ಉದ್ದಕ್ಕೂ ಹರಿದು ಕೈಗೆ ಬರುತ್ತದೆ. ಮೆಷಿನ್ನಿನಲ್ಲಿ ಹೊಲಿಗೆಯ ಅಳತೆಯನ್ನು ಮೂರೂವರೆ, ನಾಲ್ಕು ಮಿಲಿಮೀಟರಿಗೆ ಏರಿಸಿಕೊಳ್ಳಿ. ಬಿಚ್ಚಿ ಮತ್ತೆ ಹೊಲಿಯುವ ಅವಕಾಶ ಇಲ್ಲವೆಂದೇ ತಿಳಿಯಿರಿ. ಮೆಷಿನ್ನಿನ ಪಾದ ಪ್ಯಾಕೆಟ್ಟಿಗೆ ಅಂಟಿಕೊಂಡರೆ ಮೇಲೆ ತೆಳು ಕಾಗದ ಇಟ್ಟು ಹೊಲಿದು, ಆಮೇಲೆ ಹರಿದು ತೆಗೆಯಿರಿ.

ಹಳೆಯ ರೇಷ್ಮೆಯ ಕಥೆಯೇ ಬೇರೆ. ಅದು ಮಡಿಕೆಯ ಗುಂಟ ತಾನಾಗಿಯೇ ಸೀಳುತ್ತದೆ. 1880ರ ದಶಕದಲ್ಲಿ ಅಮೆರಿಕದ ಹೆಂಗಸರಿಗೆ ‘ಕ್ರೇಜಿ ಕ್ವಿಲ್ಟ್’ ಹುಚ್ಚು ಹಿಡಿದಿತ್ತು; ಕ್ವಿಲ್ಟ್ ಎಂದರೆ ಅವರ ಕೌದಿ. ರೇಷ್ಮೆ, ಮಖಮಲ್ಲು, ರಿಬ್ಬನ್, ಕೊನೆಗೆ ಸಿಗಾರಿನ ಕಟ್ಟಿಗೆ ಬಿಗಿಯುತ್ತಿದ್ದ ರೇಷ್ಮೆ ಪಟ್ಟಿಗಳನ್ನೂ ಬಿಡದೆ ಅಡ್ಡಾದಿಡ್ಡಿ ಜೋಡಿಸಿ ಹೊಲಿದರು. ಆ ಕಾಲದ ರೇಷ್ಮೆಗೆ ತೂಕ ಬರಲೆಂದು ಲೋಹದ ಲವಣಗಳನ್ನು ಕುಡಿಸುತ್ತಿದ್ದರು, ಹಾಗಾಗಿ ಎಷ್ಟೋ ಕ್ವಿಲ್ಟುಗಳಲ್ಲಿ ರೇಷ್ಮೆ ಇಂದು ಚೂರುಚೂರಾಗಿದೆ. ಅಡಿಯಲ್ಲಿ ಕೊಟ್ಟ ಹತ್ತಿ ಬಟ್ಟೆಯೇ ಅವನ್ನು ಹಿಡಿದಿಟ್ಟಿದೆ. ಅವರಿಂದ ಕಲಿಯಬೇಕಾದ್ದು ಈ ಅಡಿಬಟ್ಟೆಯನ್ನು: ಮೇಲೆ ಏನೇ ಬರಲಿ, ಬುಡದಲ್ಲಿ ಗಟ್ಟಿ ಹತ್ತಿ ಇರಲಿ. ಸೀರೆಯ ತುಂಡಿನ ಬೆನ್ನಿಗೆ ದರ್ಜಿಗಳು ಬಳಸುವ ತೆಳು ಫ್ಯೂಸಿಂಗ್ (ಇಸ್ತ್ರಿಯ ಬಿಸಿಗೆ ಅಂಟಿಕೊಳ್ಳುವ ಒಳಪದರ) ಹಚ್ಚಿದರೆ ಇನ್ನೂ ಒಳ್ಳೆಯದು. ಇಸ್ತ್ರಿಯನ್ನು ಎಳೆದಾಡದೆ ಎತ್ತಿ ಎತ್ತಿ ಒತ್ತಿ.

ಜೋಡಿಸುವ ಕ್ರಮಕ್ಕೆ ಮಾತ್ರ ಅಮೆರಿಕದವರೆಗೆ ಹೋಗಬೇಕಿಲ್ಲ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಕವಂದಿ, ಅಂದರೆ ತಮ್ಮ ಕೌದಿ, ಹೊಲಿಯುವುದನ್ನು ನೋಡಿ. ಅವರು ತುಂಡುಗಳನ್ನು ಮೊದಲು ಒಂದಕ್ಕೊಂದು ಕೂಡಿಸಿ, ಆಮೇಲೆ ಪದರಗಳನ್ನು ಹೊಲಿಯುವವರಲ್ಲ. ಅಂಚಿನ ಒಂದು ಮೂಲೆಯಿಂದ ಹಿಡಿದು, ಸುತ್ತು ಬರುತ್ತಾ, ತುಂಡು ಇಟ್ಟಲ್ಲೇ ಸಾಲು ಹೊಲಿಗೆ ಹಾಕುತ್ತಾ ನಡುವಿನತ್ತ ಸಾಗುತ್ತಾರೆ. ಒಂದೇ ಹೊಲಿಗೆ ತುಂಡನ್ನೂ ಹಿಡಿಯುತ್ತದೆ, ಪದರಗಳನ್ನೂ ಹಿಡಿಯುತ್ತದೆ. ನಾಲ್ಕು ಮೂಲೆಗೂ ‘ಫೂಲ’ ಎಂಬ ತ್ರಿಕೋನದ ಮಡಿಕೆ ಹೊಲಿದ ಮೇಲೆಯೇ ಕವಂದಿ ಪೂರ್ಣ. ಜಾರುವ, ಮುದುರುವ, ದಪ್ಪದಲ್ಲಿ ಒಂದಕ್ಕೊಂದು ತಾಳೆಯಾಗದ ವಸ್ತುಗಳಿಗೆ ಇದಕ್ಕಿಂತ ಒಗ್ಗುವ ವಿಧಾನ ನಾನು ಕಂಡಿಲ್ಲ. ರೇಷ್ಮೆಯ ಅಂಚನ್ನು ಒಳಗೆ ಮಡಚಿಕೊಳ್ಳಿ. ಪ್ಲಾಸ್ಟಿಕ್ಕಿಗೆ ಎಳೆ ಬಿಡುವ ಚಟ ಇಲ್ಲ, ಕತ್ತರಿಸಿದಂತೆಯೇ ಇಡಬಹುದು.

ಎಂಟು ಇಂಚಿನ ಕೌದಿಗೆ ಹತ್ತು ಇಂಚಿನ ಅಡಿಬಟ್ಟೆ ಕತ್ತರಿಸಿ; ಹೊಲಿದಂತೆಲ್ಲ ಅದು ಒಳಗೆ ಎಳೆದುಕೊಳ್ಳುತ್ತದೆ. ನಡುವಿನ ಪದರಕ್ಕೆ ಹಳೆಯ ಟವೆಲ್ ಅಥವಾ ಶಾಲಿನ ತುಂಡು ಸಾಕು.

ಈರುಳ್ಳಿ ಚೀಲವನ್ನು ನಾನು ಅಲಂಕಾರವೆಂದಲ್ಲ, ಕೆಲಸದ ವಸ್ತುವೆಂದೇ ಎಣಿಸುತ್ತೇನೆ. ಹೊಲಿಯಲು ಬಾರದಷ್ಟು ಸಣ್ಣ ಚೂರುಗಳು ಪ್ರತಿ ಮನೆಯಲ್ಲೂ ಉಳಿಯುತ್ತವೆ: ಬ್ಲೌಸಿನ ಕತ್ತರಿ ಚಿಂದಿ, ಬಿಡಿಸಿದ ಜರಿ ಎಳೆ, ದಾರದ ತುಣುಕು. ಅವನ್ನು ಅಡಿಬಟ್ಟೆಯ ಮೇಲೆ ತೆಳುವಾಗಿ ಉದುರಿಸಿ, ಬಲೆಯನ್ನು ಬಿಗಿಯಾಗಿ ಹೊದಿಸಿ, ಸುತ್ತಲೂ ಗುಂಡುಸೂಜಿ ಚುಚ್ಚಿ, ನಡುವಿನಿಂದ ಹೊರಕ್ಕೆ ಹೊಲಿಯುತ್ತಾ ಬನ್ನಿ. ಚೂರುಗಳು ಬಲೆಯೊಳಗೆ ಸೆರೆಯಾಗುತ್ತವೆ, ಕೆಂಪು ಬಲೆಯ ಅಡಿಯಲ್ಲಿ ಹಸಿರು ರೇಷ್ಮೆ ಕಂದು ಛಾಯೆಗೆ ತಿರುಗುತ್ತದೆ. ಕಣ್ಣು ದೊಡ್ಡದಿದ್ದು ಚೂರು ಜಾರಿದರೆ ಹಳೆಯ ಸೊಳ್ಳೆ ಪರದೆ ಬಳಸಿ. ಹೊಲಿದಾದ ಮೇಲೆ ಇಸ್ತ್ರಿ ಮುಟ್ಟಿಸಬೇಡಿ, ಬಲೆ ಕರಗುತ್ತದೆ.

ಕಾಗದವನ್ನೂ ಹೊಲಿಯಬಹುದು. ಪ್ಲಾಸ್ಟಿಕ್ ಹಾಳೆಯ ಮೇಲೆ ತೆಳು ಹತ್ತಿ ಬಟ್ಟೆ ಹಾಸಿ, ಬಿಳಿ ಅಂಟಿಗೆ ಅಷ್ಟೇ ನೀರು ಬೆರೆಸಿ ಬಳಿದು, ಹರಿದ ಕಾಗದವನ್ನು ಹರಡಿ, ಮೇಲೆ ಇನ್ನೊಮ್ಮೆ ಅದೇ ಅಂಟು ನೀರು ಬಳಿಯಿರಿ. ಹಳೆಯ ಪಂಚಾಂಗದ ಪುಟ, ಬಸ್ ಟಿಕೆಟ್, ಲಗ್ನಪತ್ರಿಕೆ ಯಾವುದೂ ನಡೆಯುತ್ತದೆ. ರಾತ್ರಿಯಿಡೀ ಒಣಗಿದರೆ ಬಟ್ಟೆಯಂತೆ ಬಾಗುವ ಹಾಳೆ ಎದ್ದು ಬರುತ್ತದೆ. ನೀರು ಬೆರೆಸದ ಅಂಟು ಹಲಗೆಯಂತೆ ಗಟ್ಟಿಯಾಗಿ ಸೂಜಿಯನ್ನೇ ತಡೆಯುತ್ತದೆ.

ಬಣ್ಣ ಹಚ್ಚುವುದಿದ್ದರೆ ಹೊಲಿಗೆಗೆ ಮೊದಲು, ಮಣಿ ಗುಂಡಿಗಳು ಎಲ್ಲಕ್ಕೂ ಕೊನೆಗೆ. ಕ್ವಿಲ್ಟಿಗೆ ಬಣ್ಣ ಬಳಿಯುವುದು ಅಪಚಾರವೇನಲ್ಲ. ಅಮೆರಿಕದ ಕಲಾವಿದೆ ಫೇತ್ ರಿಂಗೋಲ್ಡ್ 1980ರ ದಶಕದಲ್ಲೇ ಕ್ಯಾನ್ವಾಸಿನ ಮೇಲೆ ಅಕ್ರಿಲಿಕ್‌ನಲ್ಲಿ ಚಿತ್ರ ಬರೆದು, ಸುತ್ತ ಅಚ್ಚಿನ ಬಟ್ಟೆ ಹೊಲಿದು ಕಥೆ ಹೇಳುವ ಕ್ವಿಲ್ಟುಗಳನ್ನು ಮಾಡಿದ್ದರು.

ಕೊನೆಗೆ ಅಂಚು ಸಮ ಮಾಡಿ ಪಟ್ಟಿ ಕಟ್ಟಿ. ಹಿಂಬದಿಯ ಮೇಲಿನ ಎರಡು ಮೂಲೆಗೆ ತ್ರಿಕೋನದ ಜೇಬು ಹೊಲಿದು, ಎರಡರ ನಡುವೆ ಬಿದಿರು ಕಡ್ಡಿ ಸಿಕ್ಕಿಸಿದರೆ ಒಂದೇ ಮೊಳೆಗೆ ತೂಗುತ್ತದೆ. ಬಿಸಿಲು ಬೀಳದ ಗೋಡೆ ಆರಿಸಿ, ಧೂಳನ್ನು ಮೆತ್ತನೆಯ ಬ್ರಷ್‌ನಿಂದ ಕೊಡವಿ. ನೀರಿಗೆ ಮಾತ್ರ ಹಾಕಬೇಡಿ. ಪಂಚಾಂಗದ ಪುಟ ಬಕೆಟ್‌ನಲ್ಲಿ ಕರಗಿ ಹೋಗುತ್ತದೆ.